ನಿಂತ ನೀರಿಗೆ ಚಲನೆ

೨೦೧೬ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ದಡದ ಉದ್ದಕ್ಕೂ ಸಾವಿರಾರು ಮೀನುಗಳು ಸತ್ತು ತೇಲಿದುವು. ಕೆರೆಯಲ್ಲಿ ನೀರು ಬತ್ತಿರಲಿಲ್ಲ. ನೀರಿನಲ್ಲಿ ಕರಗಿದ್ದ ಆಮ್ಲಜನಕವು ಬತ್ತಿತ್ತು. ತುಂಬಿದ ಕೆರೆಯಲ್ಲಿ ಜಲಚರಗಳು ಉಸಿರುಗಟ್ಟಿ ಸಾಯುವುದು ಹೇಗೆ?

ಮನೆಗಳ ಕೊಳಚೆಯೂ ಹೊಲಗಳ ಗೊಬ್ಬರವೂ ಕೆರೆಯನ್ನು ಸೇರಿದಾಗ ರಂಜಕ, ಸಾರಜನಕಗಳು ನೀರಿನಲ್ಲಿ ಹೆಚ್ಚುತ್ತವೆ. ಇವನ್ನುಂಡು ಪಾಚಿ ಹುಲುಸಾಗಿ ಬೆಳೆಯುತ್ತದೆ. ಹಗಲಿನಲ್ಲಿ ಪಾಚಿಯು ಆಮ್ಲಜನಕವನ್ನು ನೀಡುವುದೇನೋ ನಿಜ. ಆದರೆ ಇರುಳಿನಲ್ಲಿ ಅದೂ ಉಸಿರಾಡಿ ಆಮ್ಲಜನಕವನ್ನು ಬಳಸುತ್ತದೆ. ಸತ್ತ ಪಾಚಿಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಉಳಿದುದನ್ನೂ ಹೀರಿಬಿಡುತ್ತವೆ. ಆದುದರಿಂದಲೇ ಇಂತಹ ಕೆರೆಗಳಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ.

ಆಳವಾದ ಸರೋವರಗಳಲ್ಲಿ ಇನ್ನೊಂದು ತೊಡಕಿದೆ. ಬೇಸಗೆಯಲ್ಲಿ ಬಿಸಿಯಾದ ಹಗುರ ನೀರು ಮೇಲೆಯೂ, ತಣ್ಣನೆಯ ಭಾರವಾದ ನೀರು ಕೆಳಗೂ ನಿಲ್ಲುತ್ತವೆ. ಎರಡೂ ಬೆರೆಯದೆ ತಳಕ್ಕೆ ಗಾಳಿಯ ಸೋಂಕು ತಪ್ಪುತ್ತದೆ. ಆಮ್ಲಜನಕವಿಲ್ಲದ ತಳದ ಕೆಸರಿನಿಂದ ರಂಜಕವು ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಮೇಲಣ ನಿಶ್ಚಲ ನೀರಿನಲ್ಲಿ ನೀಲಿ-ಹಸಿರು ಪಾಚಿಯು ತನ್ನ ಕೋಶಗಳಲ್ಲಿರುವ ಅನಿಲದ ಪುಟ್ಟ ಕೋಣೆಗಳ ನೆರವಿನಿಂದ ತೇಲಿ ಬಿಸಿಲನ್ನೆಲ್ಲ ಕಬಳಿಸುತ್ತದೆ. ಇದರ ಕೆಲವು ಬಗೆಗಳು ವಿಷಕಾರಿ.

ಈ ನಿಶ್ಚಲತೆಯನ್ನು ಮುರಿಯುವುದೇ ನೀರನ್ನು ಚಲಿಸುವಂತೆ ಮಾಡುವ ವಿಧಾನದ ಉದ್ದೇಶ. ತಳದಲ್ಲಿ ರಂಧ್ರಗಳಿರುವ ಕೊಳವೆಗಳನ್ನು ಹಾಸಿ ಯಂತ್ರದಿಂದ ಗಾಳಿಯನ್ನು ಊದುತ್ತಾರೆ. ಏರುವ ಗುಳ್ಳೆಗಳು ತಳದ ನೀರನ್ನು ಮೇಲಕ್ಕೆ ಸೆಳೆದೊಯ್ಯುತ್ತವೆ. ಮೇಲಿನ ನೀರು ಕೆಳಗಿಳಿಯುತ್ತದೆ. ನೆದರ್‌ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದ ನ್ಯೂವೆ ಮೇರ್ ಎಂಬ ಆಳವಾದ ಸರೋವರದಲ್ಲಿ ೧೯೯೩ರಲ್ಲಿ ಹೀಗೆ ಮಾಡಲಾಯಿತು. ನೀಲಿ-ಹಸಿರು ಪಾಚಿಯು ಸುಳಿಗೆ ಸಿಕ್ಕಿ ಕತ್ತಲೆಯ ಆಳಕ್ಕೆ ಇಳಿದು, ತೇಲುವ ಅನುಕೂಲವನ್ನು ಕಳೆದುಕೊಂಡು ಕ್ಷೀಣಿಸಿತು. ಅದರ ಸ್ಥಾನದಲ್ಲಿ ಹಸಿರು ಪಾಚಿ ಮೊದಲಾದುವು ಬೆಳೆದುವು. ಆದರೆ ರಂಜಕ, ಸಾರಜನಕಗಳು ನೀರಿನಲ್ಲಿ ಹೇರಳವಾಗಿಯೇ ಉಳಿದುವು. ರೋಗದ ಲಕ್ಷಣ ತಗ್ಗಿತು, ಮೂಲ ಉಳಿಯಿತು.

ನಮ್ಮ ಕೆರೆಗಳಾದರೋ ಬಹುಮಟ್ಟಿಗೆ ಆಳವಿಲ್ಲದವು. ಪಾಚಿಯನ್ನು ನೂಕಲು ಅಲ್ಲಿ ಕತ್ತಲೆಯ ಆಳವೇ ಇಲ್ಲ. ರಭಸದಿಂದ ಕಲಕಿದರೆ ಹೂಳು ಮೇಲೇಳುತ್ತದೆ. ಕಾರಂಜಿ, ಗಾಳಿಯಂತ್ರಗಳು ಮೀನುಗಳಿಗೆ ಉಸಿರನ್ನು ನೀಡಬಲ್ಲುವು. ಕೊಳಚೆಯನ್ನು ಅವು ತಡೆಯಲಾರವು. ಕೊಳಚೆಯನ್ನು ಶುದ್ಧೀಕರಿಸಿಯೇ ಕೆರೆಗೆ ಬಿಡಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ನೀರನ್ನು ಜೊಂಡು ಬೆಳೆದ ಜೌಗುಭೂಮಿಯ ಮೂಲಕ ಹಾಯಿಸುತ್ತಾರೆ. ಅಲ್ಲಿಯ ಸಸ್ಯಗಳು ಪೋಷಕಾಂಶಗಳನ್ನು ಹೀರಿಕೊಳ್ಳುತ್ತವೆ.

ನಮ್ಮ ಹಿರಿಯರು ಕಟ್ಟಿದ ಕೆರೆಗಳು ನಿಂತ ನೀರಿನ ಹೊಂಡಗಳಾಗಿರಲಿಲ್ಲ. ಮಳೆಗಾಲದಲ್ಲಿ ಒಂದು ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ತುಂಬುತ್ತಿತ್ತು. ಬೇಸಗೆಯಲ್ಲಿ ತೆಗೆದ ಹೂಳು ಹೊಲಗಳಿಗೆ ಗೊಬ್ಬರವಾಗುತ್ತಿತ್ತು. ನೀರನ್ನು ಚಲಿಸುವಂತೆ ಮಾಡಲು ಇಂದು ಯಂತ್ರವಿದೆ; ಕೊಳಚೆಯು ಕೆರೆಗೆ ಸೇರದಂತೆ ಕಾಯುವ ಹೊಣೆ ಮಾತ್ರ ಮನುಷ್ಯನದೇ.