ಬೆಂಕಿಯ ಮಗ್ಗುಲಲ್ಲೇ ಮದುವೆ

ಹಂಪಿಯ ಪಂಪಾಪತಿ ಗುಡಿಗೆ ಹೋದವರ ಕಣ್ಣು ನೇರ ಗರ್ಭಗುಡಿಯತ್ತ ಹೊರಳುತ್ತದೆ. ಕೈಮುಗಿದು ಹಿಂದಿರುಗುವ ಮುನ್ನ ರಂಗಮಂಟಪದ ನಡುವೆ ನಿಂತು ಒಮ್ಮೆ ಕತ್ತೆತ್ತಿ ನೋಡಬೇಕು. ಚಾವಣಿಯ ತುಂಬ ಕಾವಿ ಕೆಂಪು, ಹಳದಿ, ಕಪ್ಪು ಗೆರೆಗಳಲ್ಲಿ ದೇವಲೋಕವೇ ಹರಡಿಕೊಂಡಿದೆ.

ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ ಈ ಮಂಟಪ ಕಟ್ಟಿಸಿದ್ದು 1510ರ ಸುಮಾರಿಗೆ. ಈಗ ಕಾಣುವ ಚಿತ್ರಗಳಲ್ಲಿ ಅವನ ಕಾಲದವು ಎಷ್ಟು, ಆಮೇಲೆ ಬರೆದವು ಎಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರ ಮೆರವಣಿಗೆ, ದ್ರೌಪದಿಯ ಸ್ವಯಂವರದ ಮತ್ಸ್ಯಯಂತ್ರ, ದಶಾವತಾರ, ಎಲ್ಲವೂ ಇಲ್ಲಿವೆ. ದಿಕ್ಪಾಲಕರೂ ಇದ್ದಾರೆ. ತೆಂಕಣ ದಿಕ್ಕಿನ ಒಡೆಯ, ನರಕದ ಅಧಿಪತಿ ಯಮನೂ ಆ ಎಂಟು ಮಂದಿಯಲ್ಲಿ ಒಬ್ಬ.

ಎರಡು ಚಿತ್ರಗಳ ಕೆಳಗೆ ಮಾತ್ರ ಕಾಲು ತಾನಾಗಿ ನಿಲ್ಲುತ್ತದೆ. ಒಂದರಲ್ಲಿ ಶಿವ ರಥವೇರಿ ತ್ರಿಪುರಗಳಿಗೆ ಬಾಣ ಹೂಡಿದ್ದಾನೆ. ಮೂರು ಊರು ಒಂದೇ ಬಾಣಕ್ಕೆ ಸುಟ್ಟು ಬೂದಿಯಾದ ಕಥೆ ಅದು. ಇನ್ನೊಂದರಲ್ಲಿ ತಪಸ್ಸಿಗೆ ಕುಳಿತ ಶಿವನತ್ತ ಮನ್ಮಥ ಬಿಲ್ಲು ಬಾಗಿಸಿದ್ದಾನೆ. ಮರುಗಳಿಗೆಯಲ್ಲಿ ಹಣೆಗಣ್ಣು ತೆರೆಯುತ್ತದೆ, ಹೂಬಾಣದವನು ಉರಿದುಹೋಗುತ್ತಾನೆ. ಇದೆಲ್ಲ ನಡೆದದ್ದು ಗುಡಿಯ ಪಕ್ಕದ ಹೇಮಕೂಟದಲ್ಲೇ ಎನ್ನುತ್ತದೆ ಸ್ಥಳಪುರಾಣ. ಗುಡಿಯ ಬಡಗಣ ಮಗ್ಗುಲಿನ ಹೊಂಡಕ್ಕೆ ಇಂದಿಗೂ ಮನ್ಮಥನದೇ ಹೆಸರು.

ಅದೇ ಚಾವಣಿಯಲ್ಲಿ ಗಿರಿಜಾ ಕಲ್ಯಾಣವೂ ಇದೆ. ಇತ್ತ ಹಂಪಿಯಲ್ಲಿ ಈ ಮಂಟಪ ಏಳುತ್ತಿದ್ದ ಕಾಲಕ್ಕೇ ಅತ್ತ ಯುರೋಪಿನಲ್ಲಿ ಹೈರೋನಿಮಸ್ ಬಾಷ್ ಎಂಬ ಕಲಾವಿದ ನರಕವನ್ನು ಬರೆಯುತ್ತಿದ್ದ. ಅವನ ಹೆಸರಾಂತ ಮೂರು ಹಲಗೆಯ ಚಿತ್ರದಲ್ಲಿ ನರಕವೇ ಕೊನೆಯ ಹಲಗೆ. ನಮ್ಮ ಚಿತ್ರಗಾರರ ದಾರಿ ಬೇರೆ. ಅವರಿಗೆ ಬೆಂಕಿ ಕಥೆಯ ಕೊನೆಯಲ್ಲ. ಸುಟ್ಟವನ ಹಣೆಯ ಮೇಲೆಯೇ ಬಾಸಿಂಗ ಕಟ್ಟಿ ಕಥೆಯನ್ನು ಮದುವೆಗೆ ಮುಟ್ಟಿಸಿದರು.

ಈ ಕೈಗಳ ಬಳಗ ಅಳಿದಿಲ್ಲ. ಈ ಚಿತ್ರಗಳನ್ನು ಬರೆದವರು ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಪೂರ್ವಿಕರು ಎಂಬ ನಂಬಿಕೆಯಿದೆ. ಹಗುರ ಮರವನ್ನು ಕೆತ್ತಿ, ಮರದ ಹೊಟ್ಟಿಗೆ ಹುಣಸೆಬೀಜದ ಅಂಟು ಕಲಸಿ ಬಿರುಕು ಮುಚ್ಚಿ, ನುಣುಪು ಮಾಡಿ ಬಣ್ಣ ಹಚ್ಚುವ ಕಸುಬು ಅಲ್ಲಿ ಇಂದಿಗೂ ನಡೆದಿದೆ. ಗೌರಿ, ಗರುಡ, ಕಾಮಧೇನುಗಳು ಅಲ್ಲಿಂದ ಪೂಜಾಮನೆಗೂ ಬರುತ್ತವೆ, ಪಟ್ಟಣದ ಬೈಠಕ್‌ಖಾನೆಗೂ ಬರುತ್ತವೆ.

ಚೈತ್ರದ ಹಂಪಿ ಜಾತ್ರೆಯಲ್ಲಿ ಪಂಪಾ ವಿರೂಪಾಕ್ಷರ ಕಲ್ಯಾಣ ನಡೆಯುತ್ತದೆ. ಆಗ ಮೇಲೆ ಬಣ್ಣದಲ್ಲಿ ಒಂದು ಮದುವೆ, ಕೆಳಗೆ ಜನರ ನಡುವೆ ಇನ್ನೊಂದು. ಮುಂದಿನ ಸಲ ಹೊಸಪೇಟೆಯಿಂದ ಹಂಪಿಗೆ ಹೋದಾಗ ಮಕ್ಕಳನ್ನು ಆ ಚಾವಣಿಯ ಕೆಳಗೆ ನಿಲ್ಲಿಸಿ, ಬೆರಳು ತೋರಿಸಿ ಕಥೆ ಹೇಳಿ. ಕಥೆ ಹೇಳುವವರು ಇರುವಷ್ಟು ಕಾಲ ಆ ಬಣ್ಣ ಮಾಸದು.