ಟೋನ್‌ಮೈಸ್ಟರ್ ಶಿಕ್ಷಣ

ಟೋನ್‌ಮೈಸ್ಟರ್ ಶಿಕ್ಷಣವು ಸಂಗೀತಶಾಸ್ತ್ರ, ವಾದ್ಯವಾದನ ಮತ್ತು ಧ್ವನಿಮುದ್ರಣ ತಂತ್ರಜ್ಞಾನಗಳನ್ನು ಒಟ್ಟಿಗೆ ಕಲಿಸುವ ವಿಶ್ವವಿದ್ಯಾಲಯ ಮಟ್ಟದ ವ್ಯಾಸಂಗವಾಗಿದೆ. ಜರ್ಮನ್ ಮೂಲದ ಈ ಪದಕ್ಕೆ ಧ್ವನಿನಿಪುಣ ಎಂದರ್ಥ. ಧ್ವನಿಮುದ್ರಕರಿಗೆ ಸಂಗೀತ, ಭೌತಶಾಸ್ತ್ರ ಎರಡೂ ತಿಳಿದಿರಬೇಕೆಂದು ಸಂಗೀತ ಸಂಯೋಜಕ ಅರ್ನಾಲ್ಡ್ ಶೋನ್‌ಬರ್ಗ್ 1946ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಮುಖ್ಯಸ್ಥರಿಗೆ ಪತ್ರ ಬರೆದಿದ್ದರು. ಜರ್ಮನಿಯ ಡೆಟ್‌ಮೋಲ್ಡ್‌ನಲ್ಲಿ ಎರಿಷ್ ಟೀನ್‌ಹೌಸ್ 1949ರಲ್ಲಿ ಇಂತಹ ವ್ಯಾಸಂಗವನ್ನು ಆರಂಭಿಸಿದರು; ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿ ಇದು 1970ರಲ್ಲಿ ಮೊದಲಾಯಿತು.

ಶ್ರವಣ ತರಬೇತಿಯೇ ಇದರ ತಿರುಳು. ವಾದ್ಯವೃಂದದ ಸ್ವರಲಿಪಿಯನ್ನು ಓದುತ್ತಲೇ ವಾದನವನ್ನು ಆಲಿಸಿ, ತಪ್ಪಿದ ಸ್ವರವನ್ನು ವಿದ್ಯಾರ್ಥಿಯು ಆ ಕ್ಷಣವೇ ಗುರುತಿಸಬೇಕು. ವಯೊಲಿನ್ ಮಂಕಾಗಿ ಕೇಳಿಸಿದರೆ ಕಾರಣ ವಾದಕನ ಕಮಾನೋ, ಮೈಕ್ ಇರಿಸಿದ ಜಾಗವೋ, ಸಭಾಂಗಣದ ಅನುರಣನವೋ ಎಂದು ನಿರ್ಣಯಿಸಬೇಕು. ಯಂತ್ರಜ್ಞಾನವೊಂದರಿಂದಲೇ ಇದು ಸಾಧ್ಯವಾಗದು. ಹಾಗಾಗಿ ಸರ್ರೆಯ ಪ್ರವೇಶದಲ್ಲಿ ಗಣಿತ, ಭೌತಶಾಸ್ತ್ರಗಳೊಂದಿಗೆ ಸಂಗೀತದ ಪರಿಶ್ರಮವನ್ನೂ ಪರಿಗಣಿಸುತ್ತಾ ಬರಲಾಗಿದೆ. ವ್ಯಾಸಂಗದ ನಡುವೆ ಒಂದು ವರ್ಷವನ್ನು ವೃತ್ತಿಪರ ಸ್ಟುಡಿಯೋ ಮೊದಲಾದೆಡೆ ಕೆಲಸದಲ್ಲಿ ಕಳೆಯುವ ಅವಕಾಶವೂ ಅಲ್ಲಿದೆ.