ಬಿಳಿ ಚುಕ್ಕೆಯಿದೆ, ತೂತಿಲ್ಲ

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವರಪುರದಂಥ ಮಳೆಯಾಶ್ರಿತ ಸೀಮೆಯಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬರುವ ಅವರೆ, ತೊಗರಿ, ಅಲಸಂದೆಗಳನ್ನು ಬೆಳೆಯುವುದಕ್ಕಿಂತ ಮುಂದಿನ ಮುಂಗಾರಿನವರೆಗೆ ಬೀಜವಾಗಿ ಉಳಿಸಿಕೊಳ್ಳುವುದೇ ಕಷ್ಟ. ಕಾರಣ ಕಾಳು ಕೊರೆಯುವ ಕುಟ್ಟೆ ಹುಳು. ಅದು ಚೀಲದಲ್ಲಿ ತಾನಾಗಿ ಹುಟ್ಟುವುದಿಲ್ಲ. ಕಾಯಿ ಬಲಿಯುವಾಗಲೇ ಅದರ ದುಂಬಿ ಹೊಲದಲ್ಲಿ ಮೊಟ್ಟೆಯಿಡುತ್ತದೆ, ಮರಿ ಕಾಳಿನೊಳಗೆ ಕೂತು ಮನೆ ಸೇರುತ್ತದೆ. ಆಮೇಲೆ ಬೆಚ್ಚಗಿನ ದಿನಗಳಲ್ಲಿ ಮೂರು ನಾಲ್ಕು ವಾರಕ್ಕೊಂದು ಪೀಳಿಗೆ. ಬೆಳೆದ ದುಂಬಿಗೆ ಆಹಾರವೇ ಬೇಕಿಲ್ಲ, ತಿನ್ನುವುದೆಲ್ಲ ಮರಿ.

ಆದರೆ ಎಲ್ಲ ಕಾಳೂ ಸುಮ್ಮನೆ ತಿನ್ನಿಸಿಕೊಳ್ಳುವುದಿಲ್ಲ. ಅಲಸಂದೆಯನ್ನು ಜರಡಿಯಾಗಿಸುವ ದುಂಬಿ ರಾಜ್ಮಾದಲ್ಲಿ ಬೆಳೆಯಲಾರದು. ಮರಿ ಪಿಷ್ಟ ಅರಗಿಸಲು ಬಳಸುವ ಅಮೈಲೇಸ್ ಕಿಣ್ವವನ್ನು ರಾಜ್ಮಾದಲ್ಲಿರುವ ಒಂದು ಪ್ರೋಟೀನು ಕಟ್ಟಿಹಾಕುತ್ತದೆ. ಸುತ್ತಲೂ ಪಿಷ್ಟವಿದ್ದರೂ ಮರಿಗೆ ಅದು ಅರಗದು. ಆಸ್ಟ್ರೇಲಿಯಾದಲ್ಲಿ ಈ ಪ್ರೋಟೀನಿನ ಜೀನನ್ನು ಬಟಾಣಿಗೆ ಸೇರಿಸಿದರು. ಹುಳು ಬೀಳಲಿಲ್ಲ, ಆದರೆ ಆ ಬಟಾಣಿ ತಿಂದ ಇಲಿಗಳಲ್ಲಿ ಅಲರ್ಜಿಯಂಥ ಪ್ರತಿಕ್ರಿಯೆ ಕಂಡದ್ದರಿಂದ 2005ರಲ್ಲಿ ಆ ಕೆಲಸ ನಿಂತಿತು.

ಹುರುಳಿಯ ವಿಷಯ ಬೇರೆ. ಅದರಲ್ಲಿ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ಪ್ರೋಟೀನು ಧಾರಾಳವಾಗಿದೆ, ಆದರೂ ಕುಟ್ಟೆ ಹಿಡಿಯುತ್ತದೆ. ಕಾರಣ, ಈ ಮರಿಯ ಕರುಳು ತುಸು ಆಮ್ಲೀಯ. ಅದು ಪ್ರೋಟೀನು ಅರಗಿಸಲು ಮುಖ್ಯವಾಗಿ ಬೇರೆ ಜಾತಿಯ ಕಿಣ್ವಗಳನ್ನೇ ನಂಬಿಕೊಂಡಿದೆ. ನೈಜೀರಿಯಾದ ಇಬಾದಾನ್ ಸಂಶೋಧನಾ ಕೇಂದ್ರ ಪತ್ತೆ ಹಚ್ಚಿದ 'ಟಿವಿಯು 2027' ಎಂಬ ಅಲಸಂದೆಯ ಕುಟ್ಟೆ ತಡೆಯುವ ಶಕ್ತಿಗೂ ಮೊದಲು ಟ್ರಿಪ್ಸಿನ್ ತಡೆಯೇ ಕಾರಣವೆಂದುಕೊಂಡಿದ್ದರು. ಅದರ ಸಂಗ್ರಹ ಪ್ರೋಟೀನಾದ ವಿಸಿಲಿನ್ನಿನ ಒಂದು ವಿಶೇಷ ರೂಪ ಮರಿಗೆ ಮುಳುವಾಗುತ್ತದೆಂಬುದು ಆಮೇಲಿನ ಶೋಧ. ಕುಟ್ಟೆ ತಡೆಯಬಲ್ಲ ಹೆಸರುಕಾಳಿನ ಕಾಡುಬಂಧುವೊಂದು ಮಡಗಾಸ್ಕರ್‌ನಲ್ಲಿ ಸಿಕ್ಕಿದೆ. ಅದರ ಬಲವನ್ನು ಕೃಷಿ ತಳಿಗಳಿಗೆ ತರುವ ಪ್ರಯತ್ನಗಳು ನಡೆದಿವೆ. ಉದ್ದಿನಲ್ಲಿ ಒಂದು ಜಾತಿಯ ಕುಟ್ಟೆ ಸಾಯುತ್ತದೆ, ಅದರ ಹತ್ತಿರದ ಬಂಧು ಬದುಕುತ್ತದೆ. ಹಾಗಾಗಿ 'ಹುಳು ಬೀಳದ ತಳಿ' ಎಂದು ಯಾರಾದರೂ ಮಾರಿದರೆ ಯಾವ ಹುಳು ಎಂದು ಕೇಳಲೇಬೇಕು.

ಕಾಳಿನ ಸಿಪ್ಪೆಗೂ ಇದರಲ್ಲಿ ಪಾಲಿದೆ. ದುಂಬಿಗೆ ಮೊಟ್ಟೆ ಅಂಟಿಸಲು ನುಣುಪು ಮೈ ಇಷ್ಟ. ಸುಕ್ಕು, ಒರಟು ಮೈಯಿದ್ದರೆ ಮೊಟ್ಟೆ ಕಡಿಮೆ. ಆದರೆ ಸಿಪ್ಪೆಯ ರಕ್ಷಣೆ ಅರ್ಧದ್ದು. ಬೇರೆ ಕಾಳು ಸಿಗದಿದ್ದರೆ ದುಂಬಿ ಒರಟು ಕಾಳನ್ನೂ ಬಿಡದು.

ನಿಮ್ಮ ಮನೆಯ ತಳಿ ಎಂಥದ್ದೆಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಮೊಟ್ಟೆಯೂ ತೂತೂ ಇಲ್ಲದ ಐವತ್ತು ಕಾಳನ್ನು ಗಾಜಿನ ಬಾಟಲಿಗೆ ಹಾಕಿ, ಕುಟ್ಟೆ ಹಿಡಿದ ಡಬ್ಬಿಯಿಂದ ಹತ್ತು ದುಂಬಿ ಬಿಟ್ಟು ಬಾಯಿಗೆ ಬಟ್ಟೆ ಕಟ್ಟಿ. ವಾರ ಕಳೆದ ಮೇಲೆ ದುಂಬಿಗಳನ್ನು ತೆಗೆದುಬಿಡಿ. ಹೊಸ ಮೊಟ್ಟೆ ತುಸು ಪಾರದರ್ಶಕ. ಮರಿ ಮೊಟ್ಟೆಯೊಡೆದು ನೇರ ಕಾಳಿಗೆ ಕೊರೆದಾಗ ಹಿಂದಿನ ಚಿಪ್ಪಿನಲ್ಲಿ ಹಿಟ್ಟು ತುಂಬಿ ಅದು ದಟ್ಟ ಬಿಳಿಯಾಗುತ್ತದೆ. ಅಂದರೆ ಬಿಳಿ ಚುಕ್ಕೆ ಕಂಡರೆ ಮರಿ ಒಳಹೊಕ್ಕಿದೆ. ಒಂದೂವರೆ ತಿಂಗಳು ಕಾದು ದುಂಡು ತೂತುಗಳನ್ನು ಎಣಿಸಿ. ಚುಕ್ಕೆಯೇ ಕಡಿಮೆಯಿದ್ದರೆ ಸಿಪ್ಪೆಯ ಗುಣ. ಚುಕ್ಕೆ ಬಹಳವಿದ್ದೂ ತೂತಿಲ್ಲದಿದ್ದರೆ ಮರಿ ಒಳಗೇ ಸತ್ತಿದೆ, ಅದು ಕಾಳಿನೊಳಗಿನ ಬಲ. ಹೋಲಿಕೆಗೆ ಪಕ್ಕದಲ್ಲಿ ಪೇಟೆಯ ಅಲಸಂದೆಯ ಬಾಟಲಿಯೊಂದಿರಲಿ. ಅದರಲ್ಲೂ ತೂತು ಬೀಳದಿದ್ದರೆ ಪರೀಕ್ಷೆಯೇ ಸರಿಯಾಗಿಲ್ಲ. ಒಳಗಿನ ಬಲವಿರುವ ತಳಿ ಸಿಕ್ಕರೆ ಹಿಡಿಕಾಳನ್ನು ಹಿರಿಯೂರಿನ ಬಬ್ಬೂರು ಫಾರಂ ಕೃಷಿ ಸಂಶೋಧನಾ ಕೇಂದ್ರದವರಿಗೆ ತೋರಿಸಿ. ನಾಟಿ ತಳಿಗಳು ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತಿರುವುದೇ ನನಗೆ ಹುಳುವಿಗಿಂತ ದೊಡ್ಡ ಚಿಂತೆ.

ಬಲವಿಲ್ಲದ ಕಾಳಿಗೆ ನಾವು ಜೊತೆಯಾಗಬೇಕು. ಒಕ್ಕಣೆಯಾದ ಕೂಡಲೇ ಕಪ್ಪು ಹಾಳೆಯ ಮೇಲೆ ಚೆನ್ನಾಗಿ ಒಣಗಿದ ಕಾಳನ್ನು ತೆಳುವಾಗಿ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಕಲ್ಲಿಡಿ. ಒಳಗಿನ ಶಾಖ 57 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಒಂದು ಗಂಟೆ ನಿಂತರೆ ಮೊಟ್ಟೆಯಿಂದ ದುಂಬಿಯವರೆಗೆ ಎಲ್ಲವೂ ಸಾಯುತ್ತವೆ. ತಣ್ಣಗಾದ ಮೇಲೆ ಗಾಳಿಯಾಡದ ಡಬ್ಬಿಗೆ ಬಾಯಿಮಟ್ಟ ತುಂಬಿ ಮುಚ್ಚಳ ಬಿಗಿಯಿರಿ, ಬಿತ್ತನೆಯವರೆಗೆ ಪದೇ ಪದೇ ತೆರೆಯಬೇಡಿ.